ಗೋಡೆಗೆ ಬಾರದ ಚೌಕ

ಪೋಷಕರ ದಿನಕ್ಕೆ ಇನ್ನೊಂದೇ ದಿನ ಉಳಿದಿತ್ತು. ಜೀವಶಾಸ್ತ್ರದ ಟೀಚರು ಸ್ಟೂಲಿನ ಮೇಲೆ ಹತ್ತಿ ನಿಂತು, ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಮಕ್ಕಳು ಬರೆದು ತಂದ ಚಾರ್ಟುಗಳನ್ನು ಕೋಣೆಯ ಗೋಡೆಗೆ ಸಿಕ್ಕಿಸುತ್ತಿದ್ದರು. ಕೆಳಗಿದ್ದ ಹುಡುಗಿಯರು "ಎಡಕ್ಕೆ ಮಿಸ್, ಇಲ್ಲ ಇಲ್ಲ, ಬಲಕ್ಕೆ ಮಿಸ್" ಎಂದು ಕೂಗುತ್ತಿದ್ದರು. ಪಿನ್ನು ಕಚ್ಚಿದ ಬಾಯಿಂದ ಬೈಯಲು ಆಗದೆ ಟೀಚರು ಬರೀ ಕಣ್ಣು ಬಿಡುತ್ತಿದ್ದರು.

ಮಕ್ಕಳು ಅವರಿಗೆ 'ಕೆಂಪು ಪೆನ್ನು' ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ತಪ್ಪು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಉತ್ತರ ಪತ್ರಿಕೆ ಬಿಡಿ, ಮದುವೆಯ ಕರೆಯೋಲೆಯನ್ನೂ ತಿದ್ದಿ ಮೇಜಿನ ಮೇಲಿಡುವ ಜಾತಿ. ಒಮ್ಮೆ ಗಂಡ ಬರೆದ ರಜೆ ಅರ್ಜಿಯನ್ನು ತಿದ್ದಿಕೊಟ್ಟಾಗ ಆತ, "ಅಂಕ ಎಷ್ಟು ಬಂತು ಅಂತಾನೂ ಹೇಳಿಬಿಡು" ಎಂದಿದ್ದ.

ಅನುವಂಶೀಯತೆಯ ಪಾಠ ಬಂದಾಗ ಪ್ರತಿ ವರ್ಷವೂ ಈ ಚಾರ್ಟಿನ ಕೆಲಸ ಇರುತ್ತಿತ್ತು. ಮನೆತನದ ಒಂದು ಗುಣ ಆರಿಸಿಕೊಂಡು ಎರಡು ಮೂರು ತಲೆಮಾರು ಬರೆಯಬೇಕು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಆ ಗುಣ ಇದ್ದವರ ಗುರುತಿನೊಳಗೆ ಕಪ್ಪು ತುಂಬಬೇಕು. ಮಾದರಿಗೆಂದು ಟೀಚರ ಸ್ವಂತ ಮನೆಯ ಚಾರ್ಟೇ ಕಪ್ಪುಹಲಗೆಯ ಪಕ್ಕದಲ್ಲಿ ಹದಿನಾಲ್ಕು ವರ್ಷದಿಂದ ನೇತಾಡುತ್ತಿತ್ತು. ನಾಲಿಗೆಯನ್ನು ಕೊಳವೆಯ ಹಾಗೆ ಮಡಚಲು ಅವರ ಮನೆಯಲ್ಲಿ ಯಾರಿಗೆ ಬರುತ್ತದೆ ಎಂಬುದು ಅದರ ವಿಷಯ. ಮೇಲೆ ಅಪ್ಪ, ಅಮ್ಮ. ಕೆಳಗೆ ಅಣ್ಣ, ತಾವು, ತಂಗಿ. ಮೂವರು ಮಕ್ಕಳು. ಅಂಚು ಹಳದಿಗಟ್ಟಿತ್ತು, ಆದರೆ ಗೆರೆಗಳು ಮಾತ್ರ ನೆಟ್ಟಗಿದ್ದವು.

ಎಲ್ಲರೂ ಹೋದಮೇಲೆ ಒಬ್ಬಳು ಉಳಿದಳು. ಯಾವ ಪ್ರಶ್ನೆಯನ್ನೂ "ಅದಲ್ಲ ಮಿಸ್" ಎಂದೇ ಶುರುಮಾಡುತ್ತಿದ್ದುದರಿಂದ ತರಗತಿಯಲ್ಲಿ ಅವಳಿಗೆ 'ಅದಲ್ಲ' ಎಂದೇ ಹೆಸರು. ಹೇಳಿದ್ದನ್ನು ಹಾಗೇ ನುಂಗುವ ಮೂವತ್ತು ಮಕ್ಕಳ ನಡುವೆ ಅಗಿದು ನೋಡುವವಳು ಇವಳೊಬ್ಬಳೇ ಎಂದು ಟೀಚರಿಗೆ ಅವಳನ್ನು ಕಂಡರೆ ಜೀವ.

ಅವಳು ಬಿಚ್ಚಿದ ಚಾರ್ಟು ನೋಡಿ ಟೀಚರು ಸ್ಟೂಲಿನಿಂದ ಇಳಿದರು. ಗಾಯವಾದರೆ ರಕ್ತ ಹೆಪ್ಪುಗಟ್ಟದ ಕಾಯಿಲೆ. ಪಾಠಪುಸ್ತಕದಲ್ಲಿ ಯಾವುದೋ ರಾಜಮನೆತನದ ಕಥೆಯಾಗಿ ಬರುವುದು, ಇಲ್ಲಿ ಒಂದು ಸಾಮಾನ್ಯ ಮನೆಯಲ್ಲಿ! ಅಜ್ಜಿಯ ಕೆಳಗೆ ಅಮ್ಮ, ಅಮ್ಮನ ಪಕ್ಕದಲ್ಲಿ ಎರಡು ಕಪ್ಪು ಚೌಕ. ಹನ್ನೆರಡನೆಯ ವಯಸ್ಸಿನಲ್ಲಿ ಹಲ್ಲು ಕೀಳಿಸಿಕೊಂಡು ತೀರಿಹೋದ ಒಬ್ಬ ಸೋದರಮಾವ, ಇನ್ನೂ ಬದುಕಿರುವ ಮತ್ತೊಬ್ಬ. ಅಮ್ಮನ ಕೆಳಗೆ ಅಕ್ಕ ಮತ್ತು ಇವಳು, ಎರಡು ಖಾಲಿ ವೃತ್ತ.

"ಎಷ್ಟು ಚೆನ್ನಾಗಿ ಬರೆದಿದ್ದೀಯೆ! ನಡು ಗೋಡೆಗೇ ಹಾಕ್ತೀನಿ."

"ಅದಲ್ಲ ಮಿಸ್... ಇದನ್ನ ನೀವು ನೋಡಿದ್ರೆ ಸಾಕು ಅಂತ ತಂದೆ. ಮನೇಲಿ ಕೇಳಿಲ್ಲ."

"ಇದರಲ್ಲಿ ಕೇಳೋದೇನು? ವಿಜ್ಞಾನಕ್ಕೆ ನಾಚಿಕೆ ಉಂಟಾ? ಕಳ್ಳತನ ಮಾಡಿದ್ದಲ್ಲ, ಮೋಸ ಮಾಡಿದ್ದಲ್ಲ. ಹೋಗು ಹೋಗು, ನಾಳೆ ಬೇಗ ಬಾ."

ಹುಡುಗಿ ಬಾಗಿಲ ಬಳಿ ಒಮ್ಮೆ ನಿಂತು, ತಿರುಗಿ ಚಾರ್ಟನ್ನು ನೋಡಿ ಹೋದಳು. ಟೀಚರು ಚಾರ್ಟನ್ನು ಮೇಜಿನ ಮೇಲೆ ಹರಡಿಕೊಂಡರು. ಒಂದು ಕೊರತೆ ಕಂಡಿತು. ಈ ಕಾಯಿಲೆ ಹೆಂಗಸರಲ್ಲಿ ಸಾಮಾನ್ಯವಾಗಿ ಹೊರಗೆ ತೋರುವುದಿಲ್ಲ, ಆದರೆ ತಾಯಿಯಿಂದ ಮಗಳಿಗೆ ಸದ್ದಿಲ್ಲದೆ ಇಳಿದು, ಮಗಳ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳಬಹುದು. ಅಂದಮೇಲೆ ಆ ವೃತ್ತಗಳನ್ನು ಖಾಲಿ ಬಿಡುವುದು ತಪ್ಪು. ಕೆಂಪು ಪೆನ್ನು ಹೊರಬಂತು. ಅಮ್ಮನ ವೃತ್ತದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅಕ್ಕನ ವೃತ್ತದಲ್ಲಿ ಒಂದು, ಹುಡುಗಿಯದರಲ್ಲಿ ಒಂದು. ಈಗ ಸರಿಯಾಯಿತು ಎನ್ನಿಸಿತು.

ಮರುದಿನ ಕೋಣೆ ಕಿಕ್ಕಿರಿದಿತ್ತು. ಮೊದಲ ಬಹುಮಾನದ ರಿಬ್ಬನ್ನು ಅಂಟಿಸಿದ ಚಾರ್ಟಿನ ಮುಂದೆ ಒಬ್ಬ ಹೆಂಗಸು ಬಹಳ ಹೊತ್ತು ನಿಂತಿದ್ದರು. ಕೆಳಗೆ ಬರೆದಿದ್ದ ಹುಡುಗಿಯ ಹೆಸರನ್ನು ಎರಡು ಸಲ ಓದಿದರು.

"ಮೇಡಂ, ಈ ಕೆಂಪು ಗುರುತು ಏನಕ್ಕೆ?"

ಕೇಳುವವರು ಸಿಕ್ಕರೆ ಟೀಚರಿಗೆ ಹಬ್ಬ. ಕೋಲು ಹಿಡಿದು ಅಜ್ಜಿಯಿಂದ ಶುರುಮಾಡಿ ಒಂದೊಂದೇ ಗೆರೆ ಇಳಿಯುತ್ತಾ ವಿವರಿಸಿದರು.

"ಅಂದ್ರೆ ಈ ದೊಡ್ಡ ಹುಡುಗಿಗೆ ಮುಂದೆ ಗಂಡು ಮಗು ಆದ್ರೆ..."

"ಬರಬಹುದು, ಬರದೇನೂ ಇರಬಹುದು. ಗೊತ್ತಿಲ್ಲ. ಅದಕ್ಕೇ ಪ್ರಶ್ನೆ ಹಾಕಿರೋದು."

"ಒಳ್ಳೇದಾಯ್ತು ಕೇಳಿದ್ದು," ಎಂದು ಆ ಹೆಂಗಸು ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟುಹೋದರು. ಎಷ್ಟು ಆಸಕ್ತಿ ಈ ತಾಯಿಗೆ ಎಂದು ಟೀಚರು ಖುಷಿಪಟ್ಟರು.

ಸೋಮವಾರ ಹುಡುಗಿ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಬಂದು ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದಳು. ಟೀಚರು ಬೇಕೆಂದೇ ಹಲಗೆಯ ಮೇಲೆ ಒಂದು ತಪ್ಪು ಬರೆದು ಕಾದರು. "ಅದಲ್ಲ ಮಿಸ್" ಬರಲಿಲ್ಲ. ತಪ್ಪು ಹಾಗೇ ಎಲ್ಲರ ಪುಸ್ತಕಕ್ಕೂ ಇಳಿಯಿತು. ಕೊನೆಗೆ ಅವರೇ ಅಳಿಸಬೇಕಾಯಿತು.

ಮಧ್ಯಾಹ್ನ ಮುಖ್ಯೋಪಾಧ್ಯಾಯರು ಕರೆಸಿದರು. "ಆ ಹುಡುಗಿಯ ತಾಯಿ ಫೋನ್ ಮಾಡಿದ್ರು. ದೊಡ್ಡ ಮಗಳಿಗೆ ಮದುವೆ ಗೊತ್ತಾಗಿತ್ತಂತೆ, ದಿನಾನೂ ನೋಡಿ ಆಗಿತ್ತಂತೆ. ಗಂಡಿನ ಚಿಕ್ಕಮ್ಮ ನಮ್ಮ ಎಂಟನೇ ತರಗತಿ ಹುಡುಗನೊಬ್ಬನ ತಾಯಿ. ಅವರು ನಿಮ್ಮ ಗೋಡೆ ನೋಡಿ ಹೋಗಿ ಬೇಡ ಅಂದ್ಬಿಟ್ಟಿದ್ದಾರೆ."

ಟೀಚರಿಗೆ ಕೋಲು ಹಿಡಿದು ವಿವರಿಸಿದ ತಮ್ಮ ಧ್ವನಿಯೇ ಕಿವಿಯಲ್ಲಿ ಕೇಳಿಸಿತು.

"ನೀವು ಸುಳ್ಳು ಹೇಳಿಲ್ಲವಲ್ಲ, ಪುಸ್ತಕದಲ್ಲಿರೋದನ್ನೇ ಹೇಳಿದ್ದೀರಿ," ಎಂದು ಮುಖ್ಯೋಪಾಧ್ಯಾಯರು ಸಮಾಧಾನ ಮಾಡಿದರು. "ಆಮೇಲೆ ಗೊತ್ತಾಗೋ ಬದಲು ಈಗಲೇ ಗೊತ್ತಾಗಿದ್ದು ಒಳ್ಳೇದೇ ಅಲ್ವಾ? ನಾಳೆ ಆ ಮಗುವಿಗೆ ಏನಾದ್ರೂ ಆದ್ರೆ ಅವರು ಯಾರನ್ನ ಕೇಳ್ತಾರೆ? ತಲೆ ಕೆಡಿಸ್ಕೋಬೇಡಿ."

ಆದರೆ ತಲೆ ಕೆಟ್ಟೇ ಇತ್ತು. ಮುಂದಿನ ಪಾಠದಲ್ಲಿ ಹೃದಯದ ಚಿತ್ರ ಬರೆಯಲು ಹೋಗಿ ಎಡ ಬಲ ಅದಲು ಬದಲು ಮಾಡಿದರು. ಸಂಜೆಯ ಗಂಟೆ ಹೊಡೆದ ಕೂಡಲೇ ಎಲ್ಲ ಚಾರ್ಟುಗಳನ್ನೂ ಕೆಳಗಿಳಿಸಿ ಸುರುಳಿ ಸುತ್ತಿ ಬರೆದವರಿಗೇ ಹಿಂದಿರುಗಿಸಲು ಕಟ್ಟಿಟ್ಟರು. ನಡು ಗೋಡೆಯಲ್ಲಿದ್ದ ಚಾರ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹುಡುಗಿಯ ಮನೆಗೆ ಹೊರಟರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು.

ಮನೆಯ ಮುಂಭಾಗವೇ ಗಡಿಯಾರ ರಿಪೇರಿಯ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಊದಿದ ಮಂಡಿಯನ್ನು ಒಂದು ಮಣೆಯ ಮೇಲೆ ಚಾಚಿಕೊಂಡು ಕುಳಿತಿದ್ದವರು ಆ ಬದುಕಿರುವ ಸೋದರಮಾವ. ಚಾರ್ಟಿನ ಎರಡನೆಯ ಕಪ್ಪು ಚೌಕ. ಸುತ್ತಲೂ ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಗಂಟೆ.

"ಬನ್ನಿ ಟೀಚರ್, ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಕಾಲು ಅಲ್ಲಾಡುತ್ತೆ. ಇದರಲ್ಲಿ ಕೂತ್ಕೊಳ್ಳಿ."

"ನಾನು... ಕ್ಷಮೆ ಕೇಳೋಕೆ ಬಂದೆ."

ಆತ ಭೂತಗನ್ನಡಿ ತೆಗೆದು ಇಟ್ಟರು. "ನನ್ನ ರಕ್ತಕ್ಕೆ ನಿಲ್ಲೋದು ಗೊತ್ತಿಲ್ಲ, ಇಲ್ಲಿ ಬರೋ ಗಡಿಯಾರಕ್ಕೆ ನಡೆಯೋದು ಗೊತ್ತಿಲ್ಲ. ಎರಡನ್ನೂ ನಲವತ್ತು ವರ್ಷದಿಂದ ನಾನೇ ಸಂಭಾಳಿಸ್ತಾ ಇದ್ದೀನಿ. ನನಗೇನೂ ನೋವಿಲ್ಲ ಟೀಚರ್. ಮುಚ್ಚಿಟ್ಕೊಂಡು ಬದುಕಿದವನಲ್ಲ ನಾನು. ಆದರೆ ನನ್ನ ಕಾಯಿಲೆಯನ್ನ ನಾನು ಹೇಳೋದು ಬೇರೆ, ಆ ದೊಡ್ಡ ಹುಡುಗಿಯದ್ದನ್ನ ನೀವು ಹೇಳೋದು ಬೇರೆ."

ಒಳಗಿನಿಂದ ಪಾತ್ರೆ ದಢಾರನೆ ಇಟ್ಟ ಸದ್ದು ಬಂತು. ತಾಯಿ ಹೊರಗೆ ಬರಲಿಲ್ಲ. ಬಂದವಳು ದೊಡ್ಡ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಆ ಕೆಲಸದ ನಿಲುವಂಗಿಯನ್ನು ಇನ್ನೂ ಬಿಚ್ಚಿರಲಿಲ್ಲ. ಅವಳ ಬೆನ್ನ ಹಿಂದೆ 'ಅದಲ್ಲ' ತಲೆ ತಗ್ಗಿಸಿ ನಿಂತಿದ್ದಳು.

ಟೀಚರು ತಡವರಿಸುತ್ತಾ ಚಾರ್ಟು ಮುಂದೆ ಚಾಚಿದರು. "ನಾನು ಈಗಲೇ ಅವರ ಮನೆಗೆ ಹೋಗ್ತೀನಮ್ಮ. ಸರಿಯಾಗಿ ತಿಳಿಸಿ ಹೇಳ್ತೀನಿ. ನಿನಗೆ ಇರೋ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಈಗ ಇದಕ್ಕೆ ಒಳ್ಳೆ ಔಷಧಿನೂ ಇದೆ. ಅವರಿಗೆ ಅರ್ಥ ಆಗೋ ಹಾಗೆ..."

"ಮತ್ತೆ ಹೇಳ್ತೀರಾ?" ಎಂದಳು ಅಕ್ಕ. ಧ್ವನಿ ಎತ್ತರಿಸಲಿಲ್ಲ. "ಒಂದು ಸಲ ಹೇಳಿದ್ದು ಸಾಲದಾ ಮಿಸ್? ನನ್ನ ಮೈಯೊಳಗೆ ಏನಿದೆ ಅನ್ನೋದನ್ನ ಇನ್ನೊಂದು ಮನೆ ಬಾಗಿಲಿಗೆ ಹೋಗಿ ನಾಲ್ಕರಲ್ಲಿ ಒಂದು ಅಂತ ಲೆಕ್ಕ ಹಾಕಿ ಹೇಳ್ತೀರಾ?"

ಟೀಚರು ಚಾಚಿದ್ದ ಚಾರ್ಟನ್ನು ಮಡಿಲಿಗೆ ಇಳಿಸಿಕೊಂಡರು.

ಅವಳು ಚೀಲದಿಂದ ಒಂದು ಚೀಟಿ ತೆಗೆದು ತೋರಿಸಿದಳು. ಆಸ್ಪತ್ರೆಯ ರಕ್ತ ಪರೀಕ್ಷೆಗೆ ದಿನ ಕೊಟ್ಟಿದ್ದ ಚೀಟಿ. "ಎರಡು ತಿಂಗಳ ಹಿಂದೇನೇ ತಗೊಂಡಿದ್ದೆ. ಹೋದ ಭಾನುವಾರ ಮದುವೆ ಆಗೋರನ್ನ ಪಾರ್ಕಿಗೆ ಕರೆದು ನಾನೇ ಹೇಳಬೇಕು ಅಂತಿದ್ದೆ. ಹೇಗೆ ಶುರುಮಾಡೋದು ಅಂತ ಇವಳ ಹತ್ತಿರ ಅಭ್ಯಾಸ ಕೂಡ ಮಾಡಿದ್ದೆ. ಶನಿವಾರ ನೀವು ಹೇಳಿಬಿಟ್ರಿ. ಈಗ ಆ ಮನೆಯವರ ಕಣ್ಣಲ್ಲಿ ನಾನು ಮುಚ್ಚಿಟ್ಟವಳು. ಅವರು ಬೇಡ ಅಂದಿದ್ದಕ್ಕಿಂತ ಅದೇ ನನಗೆ ಉರೀತಿರೋದು."

"ನಾನೇ ಬರೀಬಾರದಿತ್ತು," ಎಂದು ತಂಗಿ ಬಿಕ್ಕಿದಳು.

"ನೀನು ಬರೆದಿದ್ದು ಟೀಚರಿಗೆ ತೋರಿಸೋಕೆ. ಸುಮ್ನಿರೇ," ಎಂದರು ಮಾವ. ಆಮೇಲೆ ಟೀಚರ ಕಡೆ ತಿರುಗಿ, ಗಡಿಯಾರದ ಒಂದು ಸಣ್ಣ ಚಕ್ರವನ್ನು ಬೆರಳ ತುದಿಯಲ್ಲಿ ಹೊರಳಿಸುತ್ತಾ ಕೇಳಿದರು: "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆ ಚಾರ್ಟೂ ಗೋಡೆ ಮೇಲೆ ಇದೆಯಂತಲ್ಲ. ಅದರಲ್ಲಿ ಬರೀ ನಾಲಿಗೆ ಮಡಚೋದು ಬರೆದಿದ್ದೀರಂತೆ. ಮಕ್ಕಳಿಗೂ ಅಷ್ಟನ್ನೇ ಕೇಳಬಹುದಿತ್ತಲ್ಲ?"

ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಕೇಳಿದ ಪ್ರಶ್ನೆ. ಟೀಚರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಕೊಟ್ಟ ನೀರನ್ನು ಅರ್ಧ ಕುಡಿದು ಎದ್ದರು. ಚಾರ್ಟನ್ನು ಅಕ್ಕ ಸುರುಳಿ ಬಿಚ್ಚದೆಯೇ ತೆಗೆದುಕೊಂಡಳು.

ಮನೆಗೆ ಬಂದರೆ ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದರು. ಒಲೆ ಹಚ್ಚಿ, ಯಾಕೆ ಹಚ್ಚಿದೆನೆಂದು ಮರೆತು ಆರಿಸಿದರು. ಜೊತೆಯಲ್ಲೇ ಇದ್ದ ವಯಸ್ಸಾದ ತಾಯಿ ಹಾಸಿಗೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು.

"ಏನೇ ಅದು, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಸುತ್ತುತ್ತಾ ಇದ್ದೀಯ?"

"ಅಮ್ಮ, ನಾವು ಮೂವರು ಮಕ್ಕಳು ಅಂತ ಗೋಡೆ ಮೇಲೆ ಬರೆದಿದ್ದೀನಲ್ಲ."

ತಾಯಿ ಹೆತ್ತದ್ದು ನಾಲ್ವರನ್ನು. ಕೊನೆಯವನಿಗೆ ಎರಡನೆಯ ವಯಸ್ಸಿನಲ್ಲಿ ವಿಪರೀತ ಜ್ವರ ಬಂದು, ಅಂದಿನಿಂದ ಮೂರ್ಛೆ ಶುರುವಾಗಿತ್ತು. ಬುದ್ಧಿಯೂ ಸ್ವಲ್ಪ ನಿಧಾನ. ಟೀಚರ ಮದುವೆಯ ಮಾತು ನಡೆಯುತ್ತಿದ್ದಾಗ, ಬಂದವರ ಎದುರಿಗೆ ಬಿದ್ದು ಒದ್ದಾಡಿಬಿಟ್ಟರೆ ಗತಿಯೇನೆಂದು, ಅಂಥವರನ್ನು ನೋಡಿಕೊಳ್ಳುವ ದೂರದ ಒಂದು ಮನೆಗೆ ಅವನನ್ನು ಕಳಿಸಿದರು. ಮದುವೆಯಾಗುವವರೆಗೆ ಮಾತ್ರ ಎಂದುಕೊಂಡಿದ್ದರು. ಎರಡು ವರ್ಷದ ನಂತರ ವಿಷಯ ತಿಳಿದ ಗಂಡ, "ಅಯ್ಯೋ, ಇಷ್ಟಕ್ಕೆ ಮುಚ್ಚಿಟ್ರಾ?" ಎಂದಿದ್ದ. ಆದರೂ ಕರೆತರಲಿಲ್ಲ. ಇವತ್ತು ನಾಳೆ ಎನ್ನುತ್ತಾ ಇಪ್ಪತ್ತೆರಡು ವರ್ಷ ಕಳೆದಿತ್ತು. ತಿಂಗಳಿಗೊಂದು ಭಾನುವಾರ ತಾಯಿ ಮಾತ್ರ ಬಸ್ಸು ಹತ್ತಿ ಹೋಗಿಬರುತ್ತಿದ್ದರು. ಅಕ್ಕಪಕ್ಕದವರು ಕೇಳಿದರೆ ನೆಂಟರ ಮನೆಗೆ ಎನ್ನುತ್ತಿದ್ದರು. ಜ್ವರದಿಂದ ಬಂದ ಮೂರ್ಛೆ ಮನೆತನದಲ್ಲಿ ಇಳಿಯುವಂಥದ್ದಲ್ಲ ಎಂದು ಪ್ರತಿ ವರ್ಷ ತರಗತಿಗೆ ಹೇಳಿಕೊಡುವ ಟೀಚರು ಐದು ವರ್ಷದಿಂದ ಅತ್ತ ಕಡೆ ತಲೆ ಹಾಕಿರಲಿಲ್ಲ.

"ಈ ಭಾನುವಾರ ನಾನೂ ಬರ್ತೀನಮ್ಮ," ಎಂದರು.

ತಾಯಿ ಮಗಳ ಮುಖವನ್ನೇ ನೋಡಿದರು. "ಅವನು ಬೈತಾನೆ. ತಯಾರಾಗಿ ಬಾ."

ಭಾನುವಾರ ಬೆಳಗಿನ ಬಸ್ಸಿನಲ್ಲಿ ಟೀಚರ ತೊಡೆಯ ಮೇಲೆ ಆ ಹಳೆಯ ಚಾರ್ಟಿನ ಸುರುಳಿ ಇತ್ತು. ಆ ಮನೆಯ ಹಿಂಬದಿಯ ಉದ್ದ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ನಡೆಯುತ್ತಿತ್ತು. ಅಂಟಿನ ವಾಸನೆ. ಕಿಟಕಿಯ ಪಕ್ಕದ ಮೇಜಿನಲ್ಲಿ ತಲೆ ನರೆತ ಒಬ್ಬ ಗಂಡಸು ಹಾಳೆಗಳ ಅಂಚನ್ನು ತಟ್ಟಿ ತಟ್ಟಿ ಸಮ ಮಾಡುತ್ತಿದ್ದ. ತಮ್ಮನಿಗೆ ಯಾವಾಗ ಕೂದಲು ನರೆಯಿತೋ ಟೀಚರಿಗೆ ಗೊತ್ತೇ ಇರಲಿಲ್ಲ.

ಅವನು ತಾಯಿಯನ್ನು ನೋಡಿ ನಕ್ಕ. ಅಕ್ಕನನ್ನು ನೋಡಿ ಮತ್ತೆ ಹಾಳೆ ತಟ್ಟತೊಡಗಿದ.

"ದಾರಿ ತಪ್ಪಿ ಬಂದ್ಯಾ?"

"ಇಲ್ಲ ಕಣೋ. ನಿನ್ನ ನೋಡೋಕೇ ಬಂದೆ. ಬರದೇ ಇದ್ದದ್ದು ತಪ್ಪು. ನಿನ್ನ ಇಲ್ಲಿ ಬಿಟ್ಟಿದ್ದೂ ತಪ್ಪು."

ಅವನು ಅಂಟು ಒರೆಸಿದ, ಕತ್ತರಿಯನ್ನು ಅದರ ಜಾಗದಲ್ಲಿಟ್ಟ, ಬೈಯಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ಆಮೇಲೆ ಸುರುಳಿಯತ್ತ ಗಲ್ಲ ತೋರಿಸಿ, "ಅದೇನು? ರಿಪೇರಿಗಾ?" ಎಂದ.

ಟೀಚರು ಮೇಜಿನ ಮೇಲೆ ಹರಡಿದರು. ಒಂದೊಂದೇ ಗುರುತು ತೋರಿಸಿದರು. ಇದು ಅಪ್ಪ, ಇದು ಅಮ್ಮ, ಇದು ಅಣ್ಣ, ಇದು ನಾನು, ಇದು ತಂಗಿ. ತಂಗಿಯ ವೃತ್ತದ ಬಳಿ ಬೆರಳು ನಿಂತಿತು. ಅದರ ಆಚೆ ಖಾಲಿ ಕಾಗದ.

"ನಾನೆಲ್ಲಿ?" ಎಂದ ತಮ್ಮ.

ಬಂದದ್ದೇ ಈ ಪ್ರಶ್ನೆಗಾಗಿ. ಟೀಚರು ಬೆರಳನ್ನು ಆ ಖಾಲಿ ಜಾಗಕ್ಕೆ ಸರಿಸಿದರು. "ನಾನು ಬರೆದಿರಲಿಲ್ಲ. ನಾಚಿಕೆ ಪಟ್ಕೊಂಡೆ. ಈಗ ಬರೀಬೇಕು ಅಂತಿದ್ದೀನಿ. ಆದರೆ ನಿನ್ನ ಕೇಳದೆ ಬರೆಯಲ್ಲ. ಇದನ್ನ ಶಾಲೆ ಗೋಡೆಗೆ ಹಾಕ್ತೀನಿ, ಮಕ್ಕಳು ನೋಡ್ತಾರೆ. ಬೇಡ ಅಂದ್ರೆ ಬೇಡ."

ತಮ್ಮ ಅಣ್ಣನ ಚೌಕದ ಅಳತೆಯನ್ನು ಬೆರಳಿನಿಂದ ನೋಡಿದ. "ಕಪ್ಪು ಯಾಕೆ?"

"ನಾಲಿಗೆ ಮಡಚೋಕೆ ಬರೋರಿಗೆ ಕಪ್ಪು." ಇಷ್ಟು ಹೇಳಿ ಟೀಚರು ತಡೆದರು. ಸಾವಿರಾರು ಮಕ್ಕಳ ನಾಲಿಗೆ ನೋಡಿದ್ದ ಅವರಿಗೆ ಇದೊಂದು ಗೊತ್ತಿರಲಿಲ್ಲ. "ನಿನಗೆ... ಬರುತ್ತೇನೋ?"

ಅವನು ಗಂಭೀರವಾಗಿ ನಾಲಿಗೆ ಹೊರಚಾಚಿದ. ಅಂಚು ಎರಡೂ ಮೇಲಕ್ಕೆದ್ದು ಅಚ್ಚುಕಟ್ಟಾದ ಕೊಳವೆಯಾಯಿತು. ಪಕ್ಕದ ಮೇಜಿನವನು ನೋಡಿ ತಾನೂ ಚಾಚಿದ, ಅವನಿಗೆ ಬರಲಿಲ್ಲ. ತಾಯಿಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಟೀಚರು ಅತ್ತೇಬಿಟ್ಟರು.

"ಕೊಡು ಇಲ್ಲಿ, ನಾನೇ ಬರೀತೀನಿ," ಎಂದು ತಮ್ಮ ತನ್ನದೇ ಪೆನ್ಸಿಲ್ಲು ತೆಗೆದುಕೊಂಡ. ತಂಗಿಯ ಪಕ್ಕದಲ್ಲಿ ಒಂದು ಚೌಕ ಎಳೆದ. ಉಳಿದವಕ್ಕಿಂತ ಒಂದೂವರೆ ಪಟ್ಟು ದೊಡ್ಡದು, ಒಂದು ಮೂಲೆ ಸೊಟ್ಟ. "ನಾನು ಅಣ್ಣನಿಗಿಂತ ಉದ್ದ," ಎಂದು ಕಾರಣ ಕೊಟ್ಟ. ಒಳಗೆಲ್ಲ ಒತ್ತಿ ಒತ್ತಿ ಕಪ್ಪು ತುಂಬಿದ. ಆಮೇಲೆ ತಲೆ ಎತ್ತಿದ. "ಗೋಡೆಗೆ ಹಾಕು. ಆದರೆ ಮೂರ್ಛೆ ವಿಷಯ ಬರೀಬೇಡ. ಅದು ನನ್ನದು. ಯಾರಿಗಾದ್ರೂ ಬೇಕಾದ್ರೆ ನನ್ನ ಕೇಳಲಿ, ನಾನೇ ಹೇಳ್ತೀನಿ."

"ಸರಿ ಕಣೋ."

"ಮುಂದಿನ ಭಾನುವಾರ ಬರ್ತೀಯಾ?"

"ಬರ್ತೀನಿ. ಮನೆಗೆ ಕರ್ಕೊಂಡು ಹೋಗೋ ವಿಷಯಾನೂ ಮಾತಾಡೋಣ."

"ಅದನ್ನೂ ನನ್ನ ಕೇಳು. ನನಗೆ ಇಲ್ಲಿ ಕೆಲಸ ಇದೆ," ಎಂದ ತಮ್ಮ. ಕೆಂಪು ಪೆನ್ನು ಟೀಚರ ಚೀಲದಲ್ಲೇ ಇತ್ತು. ಅವರು ಅದನ್ನು ಹೊರಗೆ ತೆಗೆಯಲಿಲ್ಲ.

ಸೋಮವಾರ ಬೆಳಗ್ಗೆ ಶಾಲೆಯ ಗೇಟಿನಲ್ಲಿ ಹುಡುಗಿಯ ಅಕ್ಕ ಕಾಯುತ್ತಿದ್ದಳು, ತಂಗಿಯನ್ನು ಬಿಡಲು ಬಂದವಳು. "ಮದುವೆ ಗೊತ್ತಾಗಿದ್ದವರು ನಿನ್ನೆ ಒಬ್ಬರೇ ಬಂದಿದ್ರು ಮಿಸ್. ಚಿಕ್ಕಮ್ಮ ಹೇಳಿದ್ದು ಅವಸರ ಆಯ್ತು, ಪರೀಕ್ಷೆಗೆ ನಾನೂ ಜೊತೆಗೆ ಬರ್ಲಾ ಅಂದ್ರು. ಬೇಡ ಅಂದೆ. ಮೊದಲು ನನ್ನ ಫಲಿತಾಂಶ ನಾನು ನೋಡ್ತೀನಿ. ಅದನ್ನ ಅವರಿಗೆ ಹೇಳಬೇಕಾ, ಚಿಕ್ಕಮ್ಮನ ಮಾತಿಗೆ ಬಾಯಿ ಮುಚ್ಕೊಂಡು ಕೂತವರನ್ನ ಮದುವೆ ಆಗಬೇಕಾ, ಆಮೇಲೆ ಯೋಚಿಸ್ತೀನಿ. ನಿಮ್ಮ ಮೇಲಿನ ಕೋಪ ಇನ್ನೂ ಹೋಗಿಲ್ಲ, ಅದೂ ಹೇಳಿಬಿಡ್ತೀನಿ."

"ಹೋಗದೇ ಇರಲಿ," ಎಂದರು ಟೀಚರು. ಮನಸ್ಸಿನಿಂದಲೇ ಹೇಳಿದ ಮಾತು.

ತರಗತಿಯಲ್ಲಿ ಮೊದಲ ಕೆಲಸ, ಕಟ್ಟಿಟ್ಟಿದ್ದ ಚಾರ್ಟುಗಳನ್ನು ಮಕ್ಕಳಿಗೆ ಹಿಂದಿರುಗಿಸಿದ್ದು. "ನಿಮ್ಮ ಮನೆಯವರನ್ನ ಕೇಳದೆ ಗೋಡೆಗೆ ಹಾಕಿದ್ದು ನನ್ನ ತಪ್ಪು," ಎಂದಷ್ಟೇ ಹೇಳಿದರು. ಹಿಂದಿನ ಬೆಂಚಿನಲ್ಲಿ ಯಾರೋ "ಕೆಂಪು ಪೆನ್ನಿಗೇ ತಪ್ಪಾ!" ಎಂದು ಪಿಸುಗುಟ್ಟಿದರು. ಕಪ್ಪುಹಲಗೆಯ ಪಕ್ಕದ ಹಳೆಯ ಜಾಗದಲ್ಲಿ ಟೀಚರ ಮನೆಯ ಚಾರ್ಟು ಮಾತ್ರ ಮತ್ತೆ ಏರಿತು. ಅವರು ಪಾಠ ಶುರುಮಾಡಿದರು. ಹತ್ತು ನಿಮಿಷವಾಗಿರಬೇಕು, ಕಿಟಕಿಯ ಪಕ್ಕದಿಂದ ಒಂದು ಕೈ ಅರ್ಧ ಎದ್ದಿತು, ಇಳಿಯಿತು, ಮತ್ತೆ ಪೂರ್ತಿ ಎದ್ದಿತು.

"ಅದಲ್ಲ ಮಿಸ್... ಆ ಕೊನೇ ಚೌಕ ಹೊಸದು. ಅದ್ಯಾಕೆ ಎಲ್ಲದಕ್ಕಿಂತ ದೊಡ್ಡದಾಗಿದೆ? ಮೂಲೆನೂ ಸೊಟ್ಟ ಇದೆ. ಯಾರು ಮಿಸ್ ಅದು?"

ಟೀಚರು ಸೀಮೆಸುಣ್ಣ ಕೆಳಗಿಟ್ಟರು.

"ನನ್ನ ತಮ್ಮ. ಅದನ್ನ ಬರೆದದ್ದು ಅವನೇ. ಉಳಿದದ್ದನ್ನ ಅವನನ್ನ ಕೇಳಿ ಹೇಳ್ತೀನಿ."